ಹನ್ನೊಂದು ಅಂಗಡಿ

ಆ ಮನೆಯಲ್ಲಿ ಅಡುಗೆಮನೆ ಖರ್ಚಿನ ಹಣ ವರ್ಷಕ್ಕೊಮ್ಮೆ ಏರುತ್ತಿತ್ತು, ಅದೂ ಸರ್ಕಾರ ಅಚ್ಚು ಹಾಕಿಸಿದ ಬೆಲೆಯೇರಿಕೆಯ ಅಂಕಿ ಎಷ್ಟೋ ಅಷ್ಟೇ. ಅಂಕಿ ಶೇಕಡಾ ಆರೂಕಾಲು ಅಂದರೆ ಆರೂಕಾಲು. ಅದರ ಮೇಲೆ ಬಿಡಿಗಾಸು ಅತ್ತಿಗೆಯ ಕೈಗೆ ಬೀಳುತ್ತಿರಲಿಲ್ಲ. ಆ ಅಂಕಿಯನ್ನು ಅಚ್ಚಿಗೆ ಕಳಿಸುತ್ತಿದ್ದವನು ಅತ್ತಿಗೆಯ ಗಂಡನೇ. ಅದಕ್ಕಾಗಿ ಅಂಗಡಿ ಅಂಗಡಿ ಅಲೆದು ಬೆಲೆ ಬರೆದುಕೊಂಡು ಬರುವವರಲ್ಲಿ ಒಬ್ಬಳು ಅವನ ತಂಗಿ. ಬರೆಯುವವಳು, ಕೂಡಿ ಕಳೆಯುವವನು, ಅನುಭವಿಸುವವಳು ಮೂವರೂ ಒಂದೇ ಮೇಜಿಗೆ ಕೂತು ಉಣ್ಣುವ ಮನೆ ದೇಶದಲ್ಲಿ ಇನ್ನೊಂದು ಇದ್ದಿರಲಾರದು.

ತಂಗಿಗೆ ಐವತ್ಮೂರು ತುಂಬಿತ್ತು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿಯೇ. ಅಂಕಿಅಂಶ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಬೆಲೆ ಬರೆಯುವ ಕೆಲಸ ಮಾಡುತ್ತಿದ್ದ ಹೆಂಗಸನ್ನು ಪುಟ್ಟಿ ಎಂದು ಕರೆಯುವುದರಲ್ಲಿ ಏನೋ ಒಂದು ವಿಚಿತ್ರ ಇದೆ ಅಂತ ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ವರ್ಷದ ಜಗಳ ಶುರುವಾಯಿತು.

"ಹಾಲಿನವನಿಗೆ ಹೇಳಿ ನಿಮ್ಮ ಸರಾಸರಿ," ಅತ್ತಿಗೆ ಸೂಪಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಪಾತ್ರೆಗೆ ಅದನ್ನೇ ಹುಯ್ದು ಕೊಡ್ತಾನೇನೋ ಕೇಳಿ."

"ಹಾಲು ಒಂದೇ ಅಲ್ವಲ್ಲ. ಮುನ್ನೂರ ಇಪ್ಪತ್ತು ಸಾಮಾನು ಸೇರಿ ಸರಾಸರಿ. ಹಾಲು ಏರಿರುತ್ತೆ, ಟಿವಿ ಇಳಿದಿರುತ್ತೆ," ಅಂದ ಅಣ್ಣ.

"ಸರಿ, ನಾಳೆಯಿಂದ ಬೆಳಿಗ್ಗೆ ಒಂದೊಂದು ಟಿವಿ ಕುದಿಸಿ ಕೊಡ್ತೀನಿ, ಕುಡೀರಿ."

ಕಾಲೇಜಿಗೆ ಹೋಗುವ ಮಗಳು ಬಾಯಲ್ಲಿದ್ದ ಸೂಪು ಉಗುಳಿ ನಕ್ಕಳು. ಎಂಬತ್ತು ದಾಟಿದ ಅಮ್ಮ ಮಾತ್ರ ನಗಲಿಲ್ಲ. "ನನ್ನ ಮಗ ಇಳಿದಿದೆ ಅಂದ್ಮೇಲೆ ಇಳಿದೇ ಇರುತ್ತೆ. ಅಂಗಡಿಯವನೇ ನಿನಗೆ ಟೋಪಿ ಹಾಕಿರಬೇಕು ನೋಡು," ಅಂದಳು ಸೊಸೆಗೆ.

"ಪುಟ್ಟೀನ ಕೇಳಿ ಅತ್ತೆ. ಬೆಲೆ ಬರ್ಕೊಂಡು ಬರೋಳು ಅವಳೇ ಅಲ್ವಾ? ಹೇಳೇ ಪುಟ್ಟಿ, ಈ ತಿಂಗಳು ಎಷ್ಟಾಗಿದೆ?"

"ಲೆಕ್ಕ ಹಾಕೋದು ನಾನಲ್ಲ ಅತ್ತಿಗೆ," ಅಂದಳು ಪುಟ್ಟಿ. ಆದರೆ ಇಪ್ಪತ್ತೆಂಟು ವರ್ಷ ಬರೆದ ಕೈಗೆ ಒಟ್ಟು ಎಷ್ಟಾಗುತ್ತದೆ ಎಂದು ತಿಳಿಯದೆ ಇರುತ್ತದೆಯೇ? ಈ ಸಲ ಅದು ಒಂಬತ್ತು ದಾಟುತ್ತಿತ್ತು. ಅಣ್ಣನಿಗೂ ಅದು ಗೊತ್ತಿತ್ತು. ಅವನು ತಟ್ಟೆ ನೋಡುತ್ತ ಉಂಡ.

ಅಣ್ಣ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದವನು. ಹೊರದೇಶಕ್ಕೆ ಹೋಗಿ ಎರಡು ವರ್ಷ ಓದಿ ಬಂದ. ಆ ಎರಡು ವರ್ಷ ಮನೆ ನಡೆದದ್ದು ಪುಟ್ಟಿಯ ಸಂಬಳದಲ್ಲಿ. ಅದನ್ನು ಅವಳು ಯಾರ ಮುಂದೆಯೂ ಎತ್ತಿ ಆಡಿದವಳಲ್ಲ. ಬಂದವನು ಯೋಜನಾ ಇಲಾಖೆ ಸೇರಿದ, ಅಲ್ಲಿಂದ ಹಣಕಾಸು ಇಲಾಖೆಗೆ ಉಪಸಲಹೆಗಾರನಾಗಿ ಹೋದ, ಕೂಲಿ ಸಮಿತಿಯ ಕಾರ್ಯದರ್ಶಿಯಾದ. ಬೆಲೆಯೇರಿಕೆ ಶೇಕಡಾ ಎಂಟು ದಾಟಿದರೆ ಕೆಳದರ್ಜೆ ನೌಕರರ ತುಟ್ಟಿಭತ್ಯೆ ತಾನಾಗಿಯೇ ಏರಬೇಕು, ಯಾರೂ ಯಾರ ಕಾಲಿಗೂ ಬೀಳಬೇಕಾಗಿಲ್ಲ ಎಂಬ ನಿಯಮವನ್ನು ಬರೆದವನು ಅವನೇ. ಆಸ್ಪತ್ರೆಯ ಆಯಾಗಳು, ಬೀದಿ ಗುಡಿಸುವವರು ಮನೆವರೆಗೂ ಬಂದು ಅವನ ಕೈ ಹಿಡಿದುಕೊಂಡು ಹೊಗಳಿ ಹೋಗಿದ್ದರು. ಆವತ್ತು ಪುಟ್ಟಿ ಬಾಗಿಲ ಹಿಂದೆ ನಿಂತು ಖುಷಿಗೆ ಅತ್ತಿದ್ದಳು.

ಆಮೇಲೆ ಮೂರು ಸರ್ಕಾರ ಬಂದು ಹೋದವು, ನಾಲ್ವರು ಹಣಕಾಸು ಮಂತ್ರಿಗಳು ಬದಲಾದರು. ಬದಲಾಗದೆ ಮೇಲೇರಿದವನು ಅಣ್ಣ ಒಬ್ಬನೇ. ಮಂತ್ರಿ ಯಾರೇ ಆಗಲಿ, ಅವರು ಹೇಳಬೇಕೆಂದುಕೊಂಡ ಮಾತಿಗೆ ಒಪ್ಪುವ ಪದ ಅವರಿಗಿಂತ ಮೊದಲು ಇವನಿಗೆ ಹೊಳೆಯುತ್ತಿತ್ತು. ಹೀಗೆ ಹೊಳೆದು ಹೊಳೆದು ಮುಖ್ಯ ಆರ್ಥಿಕ ಸಲಹೆಗಾರನಾದ. ಮನೆ ದೊಡ್ಡದಾಯಿತು, ಕಾರು ಬಂತು, ಊಟದ ಮೇಜಿನಲ್ಲಿ ಅವನ ಮಾತು ಕಡಿಮೆಯಾಯಿತು. ಈಗ ಕೇಂದ್ರ ಬ್ಯಾಂಕಿನ ಗವರ್ನರ್ ಕುರ್ಚಿ ಖಾಲಿಯಾಗುವುದರಲ್ಲಿತ್ತು, ಅದರ ಮೇಲೆ ಅವನಿಗೆ ಕಣ್ಣಿತ್ತು. ಮಂತ್ರಿಗೆ ತುಟ್ಟಿಭತ್ಯೆ ಕೊಡುವ ಮನಸ್ಸಿರಲಿಲ್ಲ. ಬೆಲೆ ಅಂಕಿಗಳು ನಂಬಿಕೆಗೆ ಯೋಗ್ಯವೇ ಎಂದು ಪರಿಶೀಲಿಸಲು ಒಂದು ಸಮಿತಿ ಮಾಡಿ ಅಣ್ಣನನ್ನೇ ಅಧ್ಯಕ್ಷನನ್ನಾಗಿ ಕೂರಿಸಿದರು.

ಪುಟ್ಟಿಯ ತಲೆಯಲ್ಲಿ ಆಗ ಇದ್ದದ್ದು ಸಮಿತಿಯಲ್ಲ, ತಕ್ಕಡಿ ಮೇಷ್ಟ್ರ ಮಂಡಿನೋವು.

ತಕ್ಕಡಿ ಮೇಷ್ಟ್ರು ಅವಳಿಗೆ ಕೆಲಸ ಕಲಿಸಿದವರು. ಜೇಬಿನಲ್ಲಿ ಸದಾ ಒಂದು ಸಣ್ಣ ತಕ್ಕಡಿ ಇಟ್ಟುಕೊಂಡೇ ತಿರುಗುತ್ತಿದ್ದರು, ಆ ಹೆಸರು ಬಂದದ್ದು ಅದರಿಂದ. ಬ್ರೆಡ್ಡಿನ ಬೆಲೆ ಕೇಳಿ ಬರೆದುಕೊಂಡು ಬರುವುದು ಯಾರ ಕೈಲಾದರೂ ಆಗುವ ಕೆಲಸ. ಅದೇ ಬೆಲೆಗೆ ಬ್ರೆಡ್ಡು ಎಷ್ಟು ಸಣ್ಣದಾಗಿದೆ ಎಂದು ತೂಗಿ ನೋಡುವುದು ಮೇಷ್ಟ್ರು ಕಲಿಸಿದ ಪಾಠ. "ಬೆಲೆ ಹಾಗೇ ಇದೆ ಅಂತ ಅಂಗಡಿಯವನು ಹೇಳ್ತಾನೆ. ಹಾಗೇ ಇರೋದು ಬೆಲೆ ಚೀಟಿ ತಾಯಿ, ಬ್ರೆಡ್ಡಲ್ಲ," ಅನ್ನುತ್ತಿದ್ದರು. ಸೋಪು, ಬಿಸ್ಕತ್ತು, ಬೆಂಕಿಪೊಟ್ಟಣದ ಕಡ್ಡಿ ಸಹ ಅವರ ಎಣಿಕೆಯಿಂದ ತಪ್ಪಿಸಿಕೊಂಡದ್ದಿಲ್ಲ.

ಅವರ ಮಂಡಿ ಸವೆದುಹೋಗಿತ್ತು. ಹಳೆ ಮಾರುಕಟ್ಟೆಯ ಮೂರನೇ ಮಹಡಿಗೆ ಲಿಫ್ಟು ಇಲ್ಲ. ಅಲ್ಲಿನ ಹನ್ನೊಂದು ಅಂಗಡಿಗಳ ಬೆಲೆಯನ್ನು ಅವರು ಮೂರು ತಿಂಗಳಿಂದ ಫೋನಿನಲ್ಲಿ ಕೇಳಿ ಬರೆಯುತ್ತಿದ್ದರು. ನಿಯಮದ ಪ್ರಕಾರ ಅದು ತಪ್ಪು. ಅಂಗಡಿಗೆ ಹೋಗಿ ಕಣ್ಣಾರೆ ನೋಡಿಯೇ ಬರೆಯಬೇಕು. ಮೇಷ್ಟ್ರಿಗೆ ಅದು ಮನಸ್ಸಿಗೆ ಚುಚ್ಚುತ್ತಿತ್ತು. "ಫೋನಲ್ಲಿ ಸುಳ್ಳು ಹೇಳಿದಾರೇನೋ, ಒಂದ್ಸಲ ಹತ್ತಿ ನೋಡಿ ಬಾ ತಾಯಿ," ಎಂದು ಪುಟ್ಟಿಯನ್ನು ಪ್ರತಿ ತಿಂಗಳೂ ಕಳಿಸುತ್ತಿದ್ದರು. ಅವಳು ಹತ್ತಿ, ತೂಗಿ, ಬೇರೆ ಹಾಳೆಯಲ್ಲಿ ಬರೆದು, ಪ್ರತಿ ಅಂಗಡಿಯವನ ಸಹಿ ಹಾಕಿಸಿಕೊಂಡು ಬರುತ್ತಿದ್ದಳು. ಮೂರು ತಿಂಗಳಲ್ಲಿ ಒಂದು ಬೆಲೆಯೂ ತಪ್ಪಿರಲಿಲ್ಲ. ಮೇಷ್ಟ್ರಿಗೆ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು.

"ನಿಮ್ಮಣ್ಣನಿಗೆ ಒಂದು ಮಾತು ಹೇಳೋಕಾಗುತ್ತಾ?" ಒಂದು ದಿನ ಮಾರುಕಟ್ಟೆಯ ಮೆಟ್ಟಿಲ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತ ಕೇಳಿದರು. ಇಷ್ಟು ವರ್ಷದಲ್ಲಿ ಅವರು ಕೇಳಿದ್ದು ಅದೊಂದೇ. "ಆಫೀಸಲ್ಲಿ ಒಂದು ಕುರ್ಚಿ. ಹಾಳೆ ಜೋಡಿಸೋ ಕೆಲಸ ಆದ್ರೂ ಸರಿ."

ಮಾರನೆಯ ಬೆಳಿಗ್ಗೆ ತಿಂಡಿಗೆ ಕೂತಾಗ ಪುಟ್ಟಿ ಮಾತು ತೆಗೆದಳು. ಮಂಡಿಯ ಕಥೆ ಹೇಳಿದಳು, ಫೋನಿನದೂ ಹೇಳಿದಳು. ಅಷ್ಟು ಕಷ್ಟದಲ್ಲೂ ಮನುಷ್ಯ ಒಂದು ಅಂಗಡಿ ಬಿಟ್ಟಿಲ್ಲ ಎಂದು ಹೊಗಳಲಿಕ್ಕೆಂದೇ ಹೇಳಿದಳು.

ಅಣ್ಣ ಕೈಯಲ್ಲಿದ್ದ ಪತ್ರಿಕೆ ಮಡಿಸಿಟ್ಟ. ಅವಳು ಮಾತಾಡುವಾಗ ಅವನು ಪತ್ರಿಕೆ ಕೆಳಗಿಟ್ಟು ಎಷ್ಟೋ ವರ್ಷವಾಗಿತ್ತು.

"ಎಷ್ಟು ಅಂಗಡಿ ಅಂದೆ?"

"ಹನ್ನೊಂದು."

"ಹಳೆ ಮಾರುಕಟ್ಟೇದಾ? ಎಷ್ಟು ತಿಂಗಳು?"

"ಮೂರು. ಆದ್ರೆ ಅಣ್ಣ, ಬೆಲೆ ಒಂದೂ ತಪ್ಪಿಲ್ಲ. ನಾನೇ ಹತ್ತಿ ಹೋಗಿ ನೋಡಿ ಬಂದಿದೀನಿ. ಹಾಳೆ ಇದೆ, ತೋರಿಸ್ತೀನಿ ಬೇಕಾದ್ರೆ."

"ಬೇಡ ಬೇಡ. ನಿನ್ನ ಮಾತು ಸಾಲದಾ?" ಅಣ್ಣ ಅವಳ ತಟ್ಟೆಗೆ ತಾನೇ ಬೆಣ್ಣೆ ಸರಿಸಿದ. "ಪಾಪ, ವಯಸ್ಸಾದವರು. ನೋಡೋಣ."

ಪುಟ್ಟಿಗೆ ಮನಸ್ಸು ತುಂಬಿಬಂತು. ಆಫೀಸಿಗೆ ಹೋದವಳೇ ಮೇಷ್ಟ್ರಿಗೆ ಹೇಳಿದಳು, "ಎಲ್ಲಾ ಹೇಳಿದೀನಿ. ಅಣ್ಣ ನೋಡ್ತೀನಿ ಅಂದ." ಮೇಷ್ಟ್ರು ಅವಳಿಗೆ ಚಹಾ ಕೊಡಿಸಿದರು. ತಮ್ಮ ಮಂಡಿಗೆ ಆಗಲೇ ಅರ್ಧ ವಾಸಿಯಾಯಿತು ಅಂದರು.

ಮೂರು ವಾರದ ಮೇಲೆ ಸಮಿತಿಯ ವರದಿ ಹೊರಬಿತ್ತು. ಅಣ್ಣ ಬೇಗ ಕಾರು ಹತ್ತಿ ಹೋಗಿದ್ದ. ಅತ್ತಿಗೆ ಬೇಳೆ ಆರಿಸುತ್ತಿದ್ದಳು, ಅವನ ಮಗಳು ಪತ್ರಿಕೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು, ಪುಟ್ಟಿ ಆಲೂಗೆಡ್ಡೆ ಸುಲಿಯುತ್ತ ಕೇಳುತ್ತಿದ್ದಳು.

"'ಹಳೆ ಮಾರುಕಟ್ಟೆಯ ಹನ್ನೊಂದು ಅಂಗಡಿಗಳ ಬೆಲೆಗಳನ್ನು ಸಿಬ್ಬಂದಿ ಮೂರು ತಿಂಗಳ ಕಾಲ ಸ್ಥಳಕ್ಕೆ ಹೋಗದೆ ದೂರವಾಣಿಯ ಮೂಲಕ ಪಡೆದಿರುವುದು ಸಮಿತಿಯ ಗಮನಕ್ಕೆ ಬಂದಿದೆ. ಇಂಥ ಲೋಪ ಇತರೆಡೆಯೂ ನಡೆದಿರುವ ಸಂಭವವಿದೆ. ಆದಕಾರಣ ಸಂದೇಹಾಸ್ಪದ ವಲಯಗಳ ಅಂಕಿಗಳನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ ಬೆಲೆಯೇರಿಕೆ ಶೇಕಡಾ ಐದೂಮುಕ್ಕಾಲು ಮಾತ್ರ.' ಅತ್ತೆ, ನಿಮ್ಮ ಆಫೀಸಲ್ಲಿ ಯಾರನ್ನೋ ಅಮಾನತು ಮಾಡಿದಾರಂತೆ, ಕೆಳಗಿದೆ ನೋಡು."

ಪುಟ್ಟಿ ಕೈ ಒರೆಸಿಕೊಳ್ಳದೆ ಪತ್ರಿಕೆ ಕಸಿದುಕೊಂಡಳು. ಎರಡು ಸಲ ಓದಿದಳು. ತಾನು ಹತ್ತಿ ನೋಡಿ ಬಂದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅವಳು ಹೇಳಿದ್ದರಲ್ಲಿ ಅರ್ಧವನ್ನು ಅಣ್ಣ ಎತ್ತಿಕೊಂಡು ಉಳಿದರ್ಧವನ್ನು ತಿಂಡಿ ತಟ್ಟೆಯಲ್ಲೇ ಬಿಟ್ಟು ಹೋಗಿದ್ದ.

ಸಂಜೆ ಅವನು ಬೂಟು ಬಿಚ್ಚುವ ಮೊದಲೇ ಅವಳು ಎದುರು ನಿಂತಳು.

"ನಾನು ಕುರ್ಚಿ ಕೇಳಿದೆ. ನೀನು ಕೆಲಸ ಕಿತ್ಕೊಂಡೆ."

"ನಾನು ಯಾರ ಹೆಸರೂ ಬರೆದಿಲ್ಲ ಪುಟ್ಟಿ."

"ಹನ್ನೊಂದು ಅಂಗಡಿ, ಮೂರು ತಿಂಗಳು ಅಂತ ಬರೆದ್ಮೇಲೆ ಹೆಸರು ಬೇರೆ ಬೇಕಾ? ನಾನು ಹತ್ತಿ ನೋಡಿದ್ದು ಯಾಕೆ ಬರೀಲಿಲ್ಲ?"

"ಅದು ಅಧಿಕೃತ ಅಲ್ಲ."

"ತಿಂಡಿ ತಿಂತಾ ನಾನು ಹೇಳಿದ್ದು ಅಧಿಕೃತಾನಾ?"

ಅಣ್ಣ ಬೂಟು ಬಿಚ್ಚಿ ಜೋಡಿಸಿಟ್ಟ. ಅವನು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. "ನಿನಗೆ ಅರ್ಥ ಆಗಲ್ಲ. ಒಂದು ಅಂಕಿ ಹಿಂದೆ ಇಡೀ ದೇಶದ ಸಾಲ, ಬಡ್ಡಿ, ಎಲ್ಲಾ ನಿಂತಿರುತ್ತೆ. ಒಬ್ಬ ಮುದುಕನ ಮಂಡಿ ನೋಡ್ಕೊಂಡು ಕೂರೋಕಾಗಲ್ಲ. ನಿನ್ನ ಹೆಸರು ಎಲ್ಲೂ ಬರದ ಹಾಗೆ ನೋಡ್ಕೊಂಡಿದೀನಿ, ಅಷ್ಟು ಸಾಕು."

ಪುಟ್ಟಿ ಅತ್ತಿಗೆಯ ಕಡೆ ತಿರುಗಿದಳು. ಹನ್ನೊಂದು ವರ್ಷ ಅದೇ ಅಂಕಿಯ ಜೊತೆ ಗುದ್ದಾಡಿದವಳು, ಅವಳಾದರೂ ಬಾಯಿ ಬಿಟ್ಟಾಳು ಎಂದು ಕಾದಳು.

"ಬಿಡು ಪುಟ್ಟಿ," ಅಂದಳು ಅತ್ತಿಗೆ, ಕಣ್ಣು ಬೇರೆ ಕಡೆ ಇಟ್ಟು. "ಗವರ್ನರ್ ಮನೇಲಿ ಅಡುಗೆಯವರು, ತೋಟದವರು ಎಲ್ಲಾ ಸರ್ಕಾರದ್ದೇ ಅಂತೆ. ನನಗೂ ಸಾಕಾಗಿದೆ ಕಣೇ ಈ ಒಲೆ ಮುಂದೆ ನಿಂತು. ಕೈಗೆ ಬಂದ ತುತ್ತು ಬಾಯಿಗೆ ಬರೋ ಹೊತ್ತಲ್ಲಿ ರಂಪ ಮಾಡ್ಬೇಡ."

ಇಷ್ಟು ವರ್ಷ ಹಾಲಿನ ಬೆಲೆಗೆ ಆಡಿದ ಜಗಳವೆಲ್ಲ ಇಷ್ಟೇನಾ ಎಂದು ಪುಟ್ಟಿಗೆ ಹೇಸಿಗೆಯಾಯಿತು. ಆ ರಾತ್ರಿ ಅವಳು ಉಣ್ಣಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ.

ಎರಡು ದಿನ ಬಿಟ್ಟು ಮೇಷ್ಟ್ರ ಮನೆಗೆ ಹೋದಳು. ಬಾಗಿಲು ತೆಗೆದ ಅವರ ಹೆಂಡತಿ ಪೂರ್ತಿ ತೆಗೆಯಲಿಲ್ಲ, ಒಂದು ಕೈ ಅಡ್ಡ ಇಟ್ಟುಕೊಂಡೇ ನಿಂತಳು.

"ಇನ್ನೇನು ಕೇಳ್ಕೊಂಡು ಹೋಗೋಕೆ ಬಂದ್ರಿ?"

"ಒಳಗೆ ಬಿಡೇ ಅವಳನ್ನ," ಒಳಗಿಂದ ಮೇಷ್ಟ್ರ ದನಿ ಬಂತು. ಅವರು ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಿದ್ದರು. ಪುಟ್ಟಿ ತಲೆ ತಗ್ಗಿಸಿ ನಿಂತಳು. "ನೀನು ಒಳ್ಳೇದಕ್ಕೇ ಹೇಳಿದ್ದು ಅಂತ ನನಗೆ ಗೊತ್ತು. ಹೇಳು ಅಂದೋನೂ ನಾನೇ. ಆಫೀಸಿನವರು ಮಾತ್ರ ನೀನು ಬೇಕಂತಲೇ ಹೇಳಿದೆ ಅಂತಾರೆ, ನಿನ್ನೊಬ್ಬಳನ್ನ ಮುಟ್ಟಿಲ್ವಲ್ಲ ಅಂತ."

"ವಿಚಾರಣೆ ಯಾವಾಗ?"

"ಮಂಗಳವಾರ."

"ನನ್ನ ಹತ್ರ ಮೂರು ತಿಂಗಳ ಹಾಳೆ ಇದೆ. ಮೂವತ್ಮೂರು ಸಹಿ ಇದೆ. ಬೆಲೆ ಸರಿ ಇತ್ತು ಅಂತ ಹೇಳಿಕೆ ಕೊಡ್ತೀನಿ."

ಮೇಷ್ಟ್ರು ಬಿಸಿನೀರಿನ ಚೀಲ ಬಿಚ್ಚಿ ಪಕ್ಕಕ್ಕಿಟ್ಟರು. "ಬೆಲೆ ಸರಿ ಅಂತಾದ್ರೆ ವರದಿ ತಪ್ಪು ಅಂತಾಗುತ್ತೆ. ಮನೇಲಿ ಇರೋಕೆ ಬಿಡ್ತಾರಾ ತಾಯಿ?" ಅಂದರು. ಬೇಡ ಎಂದು ಮಾತ್ರ ಅನ್ನಲಿಲ್ಲ. ಬೇಡ ಅನ್ನುವಷ್ಟು ಅವರ ಹತ್ತಿರ ಏನೂ ಉಳಿದಿರಲಿಲ್ಲ.

ಸೋಮವಾರ ಬಟ್ಟೆ ಒಗೆದು ಹರವುತ್ತಿದ್ದಾಗ ಅಮ್ಮ ಕೋಲೂರಿಕೊಂಡು ಹಿತ್ತಲಿಗೆ ಬಂದಳು. ಹಾಳೆಗಳ ವಿಷಯ ಮನೆಯಲ್ಲಿ ಗುಟ್ಟಾಗಿ ಉಳಿದಿರಲಿಲ್ಲ.

"ಒಡಹುಟ್ಟಿದವನ ಹೊಟ್ಟೆ ಮೇಲೆ ಹೊಡೀತೀಯೇನೇ?"

"ಅವನ ಹೊಟ್ಟೆ ತುಂಬಿದೆ ಅಮ್ಮ. ಹೊಡೆತ ಬಿದ್ದಿರೋದು ಮೇಷ್ಟ್ರಿಗೆ."

"ಅವನ್ಯಾರು ನಿನಗೆ? ನಾಳೆ ಹಾಸಿಗೆ ಹಿಡಿದರೆ ಅವನು ಬಂದು ನೋಡ್ತಾನಾ? ಅಣ್ಣ ತಾನೇ ನೋಡ್ಬೇಕು?"

"ಅಣ್ಣ ಹೊರದೇಶದಲ್ಲಿದ್ದಾಗ ನೀನು ಆರು ವಾರ ಆಸ್ಪತ್ರೇಲಿದ್ಯಲ್ಲ, ಆಗ ದಿನಾ ಸೂಪು ತಂದು ಕೊಟ್ಟೋರು ಯಾರು, ಮರೆತುಹೋಯ್ತಾ?"

ಅಮ್ಮನಿಗೆ ಮರೆತಿರಲಿಲ್ಲ. ಆದರೂ ಬಾಯಿಗೆ ಬಂದಂತೆ ಬೈಯುತ್ತಲೇ ಒಳಗೆ ಹೋದಳು. ಪುಟ್ಟಿಗೆ ಅಮ್ಮನ ಮೇಲೆ ಮೊದಲ ಬಾರಿಗೆ ಅಸಹ್ಯ ಬಂತು, ಅದರ ಬೆನ್ನಿಗೇ ತನ್ನ ಮೇಲೂ ಬಂತು.

ವಿಚಾರಣಾಧಿಕಾರಿ ಚಿಕ್ಕ ವಯಸ್ಸಿನವನು, ಸಭ್ಯ. ಹಾಳೆಗಳನ್ನು ಒಂದೊಂದಾಗಿ ನೋಡಿದ. ಸಹಿಗಳನ್ನು ಎಣಿಸಿದ. ಫೋನಿನಲ್ಲಿ ಬಂದ ಬೆಲೆಗಳ ಪಕ್ಕ ಅವಳ ಬೆಲೆಗಳನ್ನಿಟ್ಟು ಬೆರಳಾಡಿಸುತ್ತ ಬಂದವನು ಕೊನೆಯ ಸಾಲು ಮುಗಿದದ್ದೇ ಎದ್ದು ಬಾಗಿಲು ಮುಚ್ಚಿ ಬಂದ.

"ಮೇಡಂ, ಇದು ಸಮಿತಿ ಅಧ್ಯಕ್ಷರ ಮುಂದೆ ಹೋಗ್ಬೇಕಾಗುತ್ತೆ."

"ಹೋಗ್ಲಿ."

"ಅಧ್ಯಕ್ಷರು ಯಾರು ಅಂತ ತಮಗೆ..."

"ಗೊತ್ತಪ್ಪ. ಬೆಳಿಗ್ಗೆ ಮೊಟ್ಟೆ ಬೇಯಿಸಿ ಅವರ ಮುಂದಿಟ್ಟೇ ಬಂದಿದೀನಿ."

ಆಮೇಲಿನ ನಾಲ್ಕು ವಾರ ಆ ಮನೆಯಲ್ಲಿ ಉಪ್ಪು ಬೇಕಾದರೂ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಎದ್ದು ಹೋಗಿ ತೆಗೆದುಕೊಳ್ಳುತ್ತಿದ್ದರು. ಅತ್ತಿಗೆ ಗವರ್ನರ್ ಮನೆಗೆ ಪರದೆ ಬಟ್ಟೆ ಯಾವ ಬಣ್ಣದ್ದು ಎಂದು ಮಗಳನ್ನು ಕೇಳುತ್ತಿದ್ದಳು. ಮಗಳು "ನಾನು ಅಲ್ಲಿಗೆ ಬರಲ್ಲ" ಎಂದು ಎರಡು ಸಲ ಹೇಳಿ ಮೂರನೇ ಸಲ ನೀಲಿ ಅಂದಳು. ಅಣ್ಣ ಎಂದಿನಂತೆ ಪತ್ರಿಕೆಯ ಹಿಂದೆ ಕೂತು ತಿಂಡಿ ತಿಂದು ಹೋಗುತ್ತಿದ್ದ. ತನ್ನ ಹೇಳಿಕೆ ಅವನ ಮೇಜು ಮುಟ್ಟಿದೆ ಎಂದು ಪುಟ್ಟಿಗೆ ಗೊತ್ತಿತ್ತು. ಒಳಗೊಳಗೇ ಅವಳಿಗೊಂದು ಆಸೆ ಇತ್ತು. ತುಟ್ಟಿಭತ್ಯೆಯ ನಿಯಮ ಬರೆದವನು ಅವನೇ ತಾನೇ? ಮೂವತ್ಮೂರು ಸಹಿಗಳನ್ನು ಎದುರಿಗಿಟ್ಟುಕೊಂಡು ಅವನು ಸುಳ್ಳು ಬರೆಯಲಾರ ಎಂದುಕೊಂಡಿದ್ದಳು.

ಅವನು ಸುಳ್ಳು ಬರೆಯಲಿಲ್ಲ. ಆದೇಶದ ಪ್ರತಿ ಆಫೀಸಿಗೆ ಬಂತು: ತಕ್ಕಡಿ ಮೇಷ್ಟ್ರಿಗೆ ಕಡ್ಡಾಯ ನಿವೃತ್ತಿ, ಪಿಂಚಣಿ ಅರ್ಧ. ಅದರ ಜೊತೆಗಿದ್ದ ಅವಳ ಹೇಳಿಕೆಯ ಅಂಚಿನಲ್ಲಿ ಅಣ್ಣನ ಅಕ್ಷರದಲ್ಲಿ ಷರಾ ಇತ್ತು. "ಹೇಳಿಕೆ ನೀಡಿರುವವರು ಸಮಿತಿಯ ಅಧ್ಯಕ್ಷನಾದ ನನ್ನ ಒಡಹುಟ್ಟಿದ ತಂಗಿ, ಒಂದೇ ಮನೆಯಲ್ಲಿ ವಾಸವಿರುವವರು. ನಿಷ್ಪಕ್ಷಪಾತದ ದೃಷ್ಟಿಯಿಂದ ಇದನ್ನು ಪರಿಗಣಿಸಲಾಗದು."

ಕಾರಿಡಾರಿನಲ್ಲಿ ನಿಂತು ಅದನ್ನು ಓದಿದಳು. ಹಿಂದೆ ಮುಂದೆ ಓಡಾಡುವ ಸಹೋದ್ಯೋಗಿಗಳು ಗೋಡೆ ಸವರಿಕೊಂಡು ಅವಳನ್ನು ದಾಟಿ ಹೋದರು.

ಗವರ್ನರ್ ಆಗಿ ಅಧಿಕಾರ ವಹಿಸಿಕೊಳ್ಳುವ ದಿನ ಅಣ್ಣ ಹೊಸ ಕೋಟು ಹಾಕಿ ತಿಂಡಿಗೆ ಕೂತಿದ್ದ. ಮನೆಯವರೆಲ್ಲ ಹೊರಡಲು ಸಿದ್ಧರಾಗಿದ್ದರು, ಪುಟ್ಟಿಯೊಬ್ಬಳು ಬಿಟ್ಟು. ಅವಳು ಆ ಕಾಗದವನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

"ನನ್ನ ಹಾಳೆ ಓದಿದ್ಯಾ ಅಣ್ಣ?"

"ಓದಿದೆ."

"ಬೆಲೆ ಸರಿ ಇತ್ತಾ?"

ಅಣ್ಣ ಚಹಾ ಲೋಟ ಕೆಳಗಿಟ್ಟ. ಅತ್ತಿಗೆ, ಅಮ್ಮ ಇಬ್ಬರೂ ಇದ್ದಲ್ಲೇ ನಿಂತರು.

"ಸರಿ ಇತ್ತು," ಅಂದ ಅವನು, ಮೆಲ್ಲಗೆ. "ಒಂದೂ ತಪ್ಪಿರಲಿಲ್ಲ. ತಪ್ಪಿದ್ದಿದ್ರೆ ತಪ್ಪು ಅಂತ ಬರೆದು ಮುಗಿಸ್ತಿದ್ದೆ. ಸರಿ ಇದ್ದಿದ್ದಕ್ಕೇ ಹಾಗೆ ಬರೀಬೇಕಾಯ್ತು."

ಪುಟ್ಟಿಗೆ ಅಳು ಬರಲಿಲ್ಲ. ಇಷ್ಟು ದಿನ ಇವನ ಮೇಲಿದ್ದದ್ದು ಸಿಟ್ಟು. ಆ ಸಿಟ್ಟಿನ ಅಡಿಯಲ್ಲಿ ಎಲ್ಲೋ ಇದ್ದ ಅಣ್ಣ ಎಂಬ ಅಭಿಮಾನ ಈಗ ಕಿತ್ತು ಬಂತು.

"ಬೇಗ ಬಟ್ಟೆ ಬದಲಾಯಿಸ್ಕೊಂಡು ಬಾರೇ," ಅಮ್ಮ ಗಡಿಬಿಡಿ ಮಾಡಿದಳು. "ಹೊತ್ತಾಯ್ತು. ಒಬ್ಬಳೇ ತಂಗಿ ಬರದಿದ್ರೆ ಜನ ಏನಂದ್ಕೋತಾರೆ?"

ಪುಟ್ಟಿ ಅಮ್ಮನ ಕಡೆ ನೋಡಲಿಲ್ಲ.

"ದೊಡ್ಡ ದೊಡ್ಡ ಕಾಯ್ದೆ ಎಲ್ಲಾ ಓದಿದೀಯಲ್ಲ ಅಣ್ಣ," ಅಂದಳು. "ಯಾವ ಆಫೀಸಿಗೆ ಅರ್ಜಿ ಕೊಟ್ರೆ ನಾನು ನಿನ್ನ ತಂಗಿಯಾಗಿರೋದು ತಪ್ಪುತ್ತೆ ಹೇಳು. ಇವತ್ತೇ ಕೊಟ್ಟು ಬರ್ತೀನಿ. ಆಮೇಲೆ ನನ್ನ ಸಾಕ್ಷಿ ನಡೆಯುತ್ತಲ್ಲ?"

ಅಣ್ಣ ಕಾಗದವನ್ನು ಮಡಿಸಿ ಅವಳ ಕಡೆಗೆ ಸರಿಸಿದ, ಎದ್ದು ಕೋಟಿನ ಗುಂಡಿ ಹಾಕಿಕೊಂಡ. ಅವನಿಗೆ ಗೊತ್ತಿಲ್ಲದ ಕಾಯ್ದೆ ಇರಲಿಲ್ಲ. ಹೊರಗೆ ಡ್ರೈವರ್ ಕಾರಿನ ಬಾಗಿಲು ತೆರೆದು ಹಿಡಿದುಕೊಂಡಿದ್ದ.